ಊರಿಲ್ಲದ ತಂಡ ಹುಡುಕಿಕೊಂಡು ನೋರ್‌ಚೋಪಿಂಗ್‌ಗೆ

ಸ್ಟಾಕ್‌ಹೋಮ್‌ನಲ್ಲಿ ಕೆಲಸದಲ್ಲಿರುವ ಭಾವನ ಮನೆಗೆ ಹೋದವನು, ನೋರ್‌ಚೋಪಿಂಗ್ ನೋಡಬೇಕು ಅಂದೆ. 'ಅಲ್ಲೇನಿದೆ ಮಾರಾಯಾ? ಹಳೇ ಬಟ್ಟೆ ಗಿರಣಿ ಊರು' ಅಂದರು. ಸುಮ್ನೆ ಬನ್ನಿ ಅಂತ ಶನಿವಾರ ಬೆಳಿಗ್ಗೆ ರೈಲು ಹತ್ತಿಸಿದೆ. ಸಿಐಎಸ್, ಅಂದರೆ ಸೋವಿಯತ್ ಒಕ್ಕೂಟ ಒಡೆದ ಮೇಲೆ ಅದರ ಹಲವು ದೇಶಗಳು ಮಾಡಿಕೊಂಡ ಕೂಟದ ಫುಟ್‌ಬಾಲ್ ತಂಡದ ಕಥೆಯನ್ನು ರೈಲಿನಲ್ಲೇ ಹೇಳಿದೆ.

1992ರ ಯೂರೋ ಕಪ್ ನಡೆದದ್ದು ಸ್ವೀಡನ್‌ನಲ್ಲಿ. ಇಟಲಿಯನ್ನೂ ಹಿಂದೆ ಹಾಕಿ ಅರ್ಹತೆ ಪಡೆದದ್ದು ಸೋವಿಯತ್ ಒಕ್ಕೂಟ. ಆದರೆ 1991ರ ಡಿಸೆಂಬರ್‌ನಲ್ಲಿ ದೇಶವೇ ಇಲ್ಲವಾಯಿತು. ಗೆದ್ದುಕೊಂಡ ಜಾಗ ಬಿಡೋದು ಹೇಗೆ? ಹಾಗಾಗಿ ಹಳೇ ಆಟಗಾರರೇ ಸಿಐಎಸ್ ಅನ್ನೋ ಹೆಸರಲ್ಲಿ ಬಂದರು. ಮನೆ ಪಾಲಾಗಿದೆ, ಆದರೆ ಮೊದಲೇ ಒಪ್ಪಿಕೊಂಡಿದ್ದ ಮದುವೆಗೆ ಅಣ್ಣತಮ್ಮಂದಿರೆಲ್ಲ ಒಂದೇ ವ್ಯಾನಿನಲ್ಲಿ ಹೊರಟ ಹಾಗೆ.

'ರಾಷ್ಟ್ರಗೀತೆ ಯಾವುದು ಹಾಕಿದ್ರು?' ಭಾವ ಕೇಳಿದರು. ಒಳ್ಳೇ ಪ್ರಶ್ನೆ. ಬೀಥೋವನ್‌ನ ಒಂಬತ್ತನೇ ಸಿಂಫನಿಯ ತುಣುಕು! ಜರ್ಮನಿ ವಿರುದ್ಧದ ಮ್ಯಾಚಿಗೂ ಜರ್ಮನ್ನನ ಸಂಗೀತವೇ.

ಸ್ಟೇಷನ್ನಿನಿಂದ ನಡೆದೇ ಹೋದೆವು. ಹಳದಿ ಟ್ರಾಮ್, ಊರ ನಡುವೆ ಮೋಟಾಲಾ ಹೊಳೆ. ಆಗ ಇದ್ರೊಟ್ಸ್‌ಪಾರ್ಕೆನ್ ಅನ್ನುತ್ತಿದ್ದ ಮೈದಾನಕ್ಕೆ ಈಗ ಬೇರೆ ಹೆಸರು. ಹುಲ್ಲು ಕೂಡ ಈಗ ಕೃತಕ. ಬಾಗಿಲು ಹಾಕಿತ್ತು. ಬೇಲಿಯ ಸಂದಿಗೆ ಮುಖ ಒತ್ತಿ ನೋಡಿದೆ; ಒಂದು ಗೋಲ್‌ಪೋಸ್ಟು, ನಾಲ್ಕು ಸಾಲು ಕುರ್ಚಿ ಕಂಡವು. ನೆನಪಿನ ಫಲಕವೇನಾದರೂ ಇದೆಯಾ ಅಂತ ಗೋಡೆ ಗೋಡೆ ಹುಡುಕಿದೆ. ನನ್ನ ಕಣ್ಣಿಗಂತೂ ಬೀಳಲಿಲ್ಲ.

ಜೂನ್ 12ರಂದು ಇಲ್ಲೇ ವಿಶ್ವ ಚಾಂಪಿಯನ್ ಜರ್ಮನಿ ಎದುರು ಸಿಐಎಸ್‌ನ ದೊಬ್ರೊವೊಲ್ಸ್ಕಿ ಪೆನಾಲ್ಟಿಯಲ್ಲಿ ಗೋಲು ಹೊಡೆದ. ಇನ್ನೇನು ಗೆದ್ದೇ ಬಿಟ್ಟರು ಅನ್ನುವಾಗ ಜರ್ಮನಿಯ ಹಾಸ್ಲರ್‌ನ ಫ್ರೀ ಕಿಕ್, 1-1. ಆಮೇಲೆ ಗೋಥೆನ್‌ಬರ್ಗ್‌ನಲ್ಲಿ ನೆದರ್ಲೆಂಡ್ಸ್ ಜೊತೆ 0-0. ಜೂನ್ 18ಕ್ಕೆ ಮತ್ತೆ ಇಲ್ಲಿಗೇ ಬಂದರು. ಎದುರಿಗೆ ಆಗಲೇ ಎರಡೂ ಮ್ಯಾಚ್ ಸೋತು ಹೊರಬಿದ್ದಿದ್ದ ಸ್ಕಾಟ್ಲೆಂಡ್. ಗೆದ್ದಿದ್ದರೆ ಸೆಮಿಫೈನಲ್. ಸ್ಕಾಟ್ಲೆಂಡ್‌ನ ಮೆಕ್‌ಸ್ಟೇ ದೂರದಿಂದ ಹೊಡೆದ ಚೆಂಡು ಕಂಬಕ್ಕೆ ಬಡಿದು, ಹಾರಿದ್ದ ಸಿಐಎಸ್ ಗೋಲ್‌ಕೀಪರ್ ಖಾರಿನ್‌ಗೇ ತಾಗಿ ಒಳಗೆ ಹೋಯಿತು. ಕೊನೆಗೆ 0-3. ಆ ತಂಡ ಮತ್ತೆಂದೂ ಆಡಲಿಲ್ಲ.

ಆಟಗಾರರಿಗೆ ಮನಸ್ಸು ಇರಲಿಲ್ಲ ಅಂತ ಬೈಯುವವರಿದ್ದಾರೆ. ನನಗೆ ಹಾಗೆ ಬೈಯಲು ಬಾಯಿ ಬರಲ್ಲ. ಉಕ್ರೇನ್ ಏಪ್ರಿಲ್‌ನಲ್ಲೇ ತನ್ನದೇ ತಂಡ ಇಳಿಸಿ ಹಂಗೇರಿ ಜೊತೆ ಆಡಿಯಾಗಿತ್ತು. ಆದರೂ ಉಕ್ರೇನ್‌ನ ಮಿಖಾಯ್ಲಿಚೆಂಕೊ ಇಲ್ಲಿ ಸಿಐಎಸ್ ಅಂಗಿಯಲ್ಲಿದ್ದ. ಜಾರ್ಜಿಯಾ ಆಗ ಸಿಐಎಸ್‌ಗೆ ಸೇರಿಯೇ ಇರಲಿಲ್ಲ; ಅಲ್ಲಿನ ತ್ಸ್ಖದಾದ್ಜೆ ಡಿಫೆನ್ಸಿನಲ್ಲಿ! ಮುಂದಿನ ವಿಶ್ವಕಪ್ ಅರ್ಹತಾ ಪಂದ್ಯಗಳಿಗೆ ಸೋವಿಯತ್ ಜಾಗ ಹೋದದ್ದು ರಷ್ಯಾಕ್ಕೆ. ಉಕ್ರೇನ್‌ನಲ್ಲಿ ಹುಟ್ಟಿದ ಕಾಂಚೆಲ್ಸ್ಕಿಸ್, ಒನೊಪ್ಕೊ ರಷ್ಯಾ ಕಡೆ ಹೋದರು.

'ಪಾಲು ಅಂದ್ರೆ ಹಾಗೇ. ದೊಡ್ಡಣ್ಣನಿಗೆ ಗದ್ದೆ, ಉಳಿದವರಿಗೆ ಕೋರ್ಟು' ಅಂದರು ಭಾವ. ಅವರ ಮನೆಯ ಕೇಸು ಇನ್ನೂ ನಡೀತಿದೆ.

ವಾಪಸ್ ರೈಲಿಗೆ ಹೊತ್ತಿತ್ತು. ಸ್ಟೇಷನ್ ಹತ್ತಿರದ ಕಾರ್ಲ್ ಯೋಹಾನ್ಸ್ ಪಾರ್ಕಿಗೆ ಹೋದೆವು. 1926ರಿಂದಲೂ ಬೇಸಿಗೆಯಲ್ಲಿ ಇಲ್ಲಿ ಕಳ್ಳಿ ನೆಡುತ್ತಾರಂತೆ. ರಂಗೋಲಿ ಇಟ್ಟ ಹಾಗೆ ಸಾವಿರಾರು ಪುಟ್ಟ ಪುಟ್ಟ ಕಳ್ಳಿ. ನಮ್ಮೂರಲ್ಲಿ ಬೇಲಿಗೆ ಹಾಕೋದನ್ನ ಇಲ್ಲಿ ಇಷ್ಟು ಮುದ್ದು ಮಾಡ್ತಾರಲ್ಲ ಅಂತ ಭಾವ ಬಗ್ಗಿ ಫೋಟೊ ತೆಗೆದರು. ಅವರ ಇಡೀ ದಿನದ ಒಂದೇ ಫೋಟೊ ಅದು.