ಭಕ್ತಪುರದಲ್ಲಿ ಟೇಪು ಹಿಡಿದು

ಭಕ್ತಪುರ, ನೇಪಾಳ
21 ನವೆಂಬರ್ 2024, ಗುರುವಾರ

ಬೆಳಗಿನ ಆರೂವರೆಗೆಲ್ಲ ತೌಮಧಿ ಚೌಕದಲ್ಲಿ ಕೆಲಸ ಶುರು: ವಿದ್ಯಾರ್ಥಿಗಳೊಂದಿಗೆ ಹಳೆಯ ಗುಡಿ ಅಳೆದು ನಕ್ಷೆ ಬರೆಯುವುದು. ಬಿಸಿಲು ಏರಿದಂತೆ ಕಠ್ಮಂಡುವಿನಿಂದ ಪ್ರವಾಸಿಗಳ ಗಾಡಿಗಳು ಬರತೊಡಗುತ್ತವೆ, ಆಮೇಲೆ ಟೇಪು ಬಿಚ್ಚುವುದಕ್ಕೂ ಜಾಗವಿರುವುದಿಲ್ಲ. ಊರೊಳಗೇ ತಂಗಬೇಕು ಅನ್ನುವುದು ಇದಕ್ಕೇ. ಕಠ್ಮಂಡು, ಪಾಟನ್, ಭಕ್ತಪುರ ಮೂರನ್ನೂ ಒಂದೇ ದಿನದಲ್ಲಿ ಮುಗಿಸುವ ಪ್ಯಾಕೇಜು ಆರ್ಕಿಟೆಕ್ಚರ್ ವಿದ್ಯಾರ್ಥಿಗಳಿಗೆ ದಂಡ. ಊರಿನ ಪ್ರವೇಶ ಟಿಕೆಟ್ಟಿಗೆ ಸಾರ್ಕ್ (ನಾವೂ ಸೇರಿ ದಕ್ಷಿಣ ಏಷ್ಯಾದ) ದೇಶದವರಿಗೆ ಬೇರೆ, ಕಡಿಮೆ ದರವಿದೆ, ಕೇಳಿ ಪಡೆಯಬೇಕು. ಮೊದಲ ದಿನವೇ ಗುರುತಿನ ದಾಖಲೆ ತೋರಿಸಿ ಅವಧಿ ಬರೆಸಿಕೊಂಡರೆ ಅದೇ ಟಿಕೆಟ್ಟು ಒಂದು ವಾರ ನಡೆಯುತ್ತದೆ.

ದಾಖಲೆ ಅಂದರೆ ಪಾಸ್‌ಪೋರ್ಟು, ಇಲ್ಲವೇ ಮತದಾರರ ಗುರುತಿನ ಚೀಟಿ. ನಮಗೆ ವೀಸಾ ಬೇಡ ನಿಜ, ಆದರೆ ಆಧಾರ್ ನಡೆಯುವುದಿಲ್ಲ. ಕಾಲೇಜು ತಂಡಗಳು ಎಡವುವುದೇ ಇಲ್ಲಿ: ಹದಿನೆಂಟು ತುಂಬಿದ ಹುಡುಗರಲ್ಲಿ ಅರ್ಧಕ್ಕರ್ಧ ಮಂದಿ ಮತದಾರರ ಪಟ್ಟಿಗೆ ಹೆಸರೇ ಸೇರಿಸಿರುವುದಿಲ್ಲ, ಅದು ಗೊತ್ತಾಗುವುದು ವಿಮಾನ ನಿಲ್ದಾಣದ ಕೌಂಟರಿನಲ್ಲಿ. ಎರಡು ತಿಂಗಳು ಮೊದಲೇ ಒಬ್ಬೊಬ್ಬರ ಚೀಟಿಯನ್ನೂ ಕೈಯಲ್ಲಿ ಹಿಡಿದು ನೋಡಬೇಕು. ಇನ್ನೊಂದು, ನೇಪಾಳದ ಗಡಿಯಾರ ನಮ್ಮದಕ್ಕಿಂತ 15 ನಿಮಿಷ ಮುಂದೆ. ಫೋನು ತಾನೇ ಬದಲಾಯಿಸಿಕೊಳ್ಳುತ್ತದೆ, ಕೈಗಡಿಯಾರ ಇಲ್ಲ. ಹಣದ ಲೆಕ್ಕ ಸುಲಭ: ನಮ್ಮ 100 ರೂಪಾಯಿಗೆ ಅಲ್ಲಿಯ 160.

ಇನ್ನು ತೌಮಧಿ ಚೌಕದ ನ್ಯಾತಪೋಲ ಗುಡಿ. ಇಲ್ಲಿಯ ರಾಜ ಭೂಪತೀಂದ್ರ ಮಲ್ಲ 1702ರಲ್ಲಿ ಕಟ್ಟಿಸಿದ್ದು, ಐದು ಜಗತಿ (ಒಂದರ ಮೇಲೊಂದು ಕಟ್ಟೆ), ಐದು ಸೂರು. ಮೆಟ್ಟಿಲ ಎರಡೂ ಬದಿಗೆ ಕೆಳಗಿನಿಂದ ಜಟ್ಟಿಗಳು, ಆನೆ, ಸಿಂಹ, ರೆಕ್ಕೆಯ ಮೃಗ, ಮೇಲೆ ಬಾಘಿನಿ-ಸಿಂಘಿನಿ ದೇವಿಯರು. ಪ್ರತಿ ಜೋಡಿಗೂ ಕೆಳಗಿನದಕ್ಕಿಂತ ಹತ್ತು ಪಟ್ಟು ಬಲ ಎನ್ನುತ್ತಾರೆ. ಗರ್ಭಗುಡಿಗೆ ಅರ್ಚಕರ ಹೊರತು ಯಾರಿಗೂ ಪ್ರವೇಶವಿಲ್ಲ. ಹಾಗಾಗಿ ಒಳಗಿನ ಅಳತೆಯನ್ನು ಊಹಿಸಿ ನಕ್ಷೆಯಲ್ಲಿ ತುಂಬುವುದು ಬೇಡ, ಖಾಲಿ ಬಿಡಿ. ಲೇಸರ್ ಮೀಟರು ಬಿಸಿಲಿನಲ್ಲಿ ಚುಕ್ಕಿ ಕಾಣಿಸದೆ ಕೈಕೊಡುತ್ತದೆ, ಐದು ಮೀಟರಿನ ಟೇಪೇ ವಾಸಿ.

ಅಳೆಯಬೇಕಾದದ್ದು ಗೋಡೆ. ಹೊರಮೈಯ ಇಟ್ಟಿಗೆಗೆ ಈ ಕಣಿವೆಯ ಮೂಲ ಜನರಾದ ನೇವಾರರು ದಾಚಿ ಅಪ್ಪ ಎನ್ನುತ್ತಾರೆ. ನೋಡುವ ಮುಖ ಅಗಲ, ಹಿಂಬದಿ ಕಿರಿದು. ಮುಖಕ್ಕೆ ಮುಖ ತಾಗಿಸಿ ಇಟ್ಟಾಗ ಮಣ್ಣಿನ ಗಾರೆ ಹಿಂದೆ ಅಡಗಿಬಿಡುತ್ತದೆ, ಹೊರಗೆ ಕಾಣುವ ಸಂದು ಕೂದಲೆಳೆಯಷ್ಟು. ಒಂದು ಇಟ್ಟಿಗೆ ಅಳೆದು ಗುಣಿಸಿದರೆ ತಪ್ಪುತ್ತದೆ. ಇಟ್ಟಿಗೆಯ ಹತ್ತು ಸಾಲು ಒಟ್ಟಿಗೆ ಅಳೆದು ಭಾಗಿಸಬೇಕು. ಆದರೆ ಈ ಅಂದದ ಹಿಂದೆಯೇ ದೌರ್ಬಲ್ಯವೂ ಇದೆ. ಹೊರಗೆ ಸುಟ್ಟ ಇಟ್ಟಿಗೆ, ಒಳಗೆ ಹಸಿ ಇಟ್ಟಿಗೆ, ನಡುವೆ ಮಣ್ಣು ಮತ್ತು ಚೂರು ತುಂಬಿದ ಪದರ. ಮೂರನ್ನೂ ಹೊಲಿಯುವ ಅಡ್ಡ ಮರ ಸಾಕಷ್ಟಿಲ್ಲದಿದ್ದರೆ ನೆಲ ನಡುಗಿದಾಗ ಹೊರಪದರ ಸಿಪ್ಪೆಯಂತೆ ಬಿಟ್ಟುಕೊಳ್ಳುತ್ತದೆ.

ಕಣ್ಣು ಮೇಲೆತ್ತಿದರೆ ಸೂರನ್ನು ಹೊತ್ತ ಓರೆ ಆನಿಕೆಗಳು, ನೇವಾರರ ಬಾಯಲ್ಲಿ ಟುಂಡಾಲ. ಹತ್ತಿರದಿಂದ ನೋಡಿದರೆ ದೇವತೆಯ ಹೆಚ್ಚುವರಿ ಕೈಗಳನ್ನು ಎಷ್ಟೋ ಕಡೆ ಬೇರೆಯಾಗಿ ಕೆತ್ತಿ ಸೇರಿಸಿದ್ದು ಗೊತ್ತಾಗುತ್ತದೆ. ಕೈ ಉದುರಿದ ಜಾಗದಲ್ಲಿ ಬರೀ ತೂತು ಉಳಿದಿರುತ್ತದೆ. ಮೂಲೆಯ ಆನಿಕೆಯಲ್ಲಿ ಮಾತ್ರ ರೆಕ್ಕೆಯ ಮೃಗ.

ಗುಡಿ ಕೆಡುವುದು ಸಾಮಾನ್ಯವಾಗಿ ತಲೆಯಿಂದ. ಝಿಂಗಟಿ ಎಂಬ ಸಣ್ಣ ಹೆಂಚು ಮಣ್ಣಿನ ಹಾಸಿನ ಮೇಲೆ ಕೂರುತ್ತದೆ. ಆ ಮಣ್ಣಿನಲ್ಲಿ ಹುಲ್ಲು ಹುಟ್ಟಿ, ಬೇರು ಹೆಂಚನ್ನು ಎತ್ತಿ, ನೀರು ಇಳಿದು, ಗೋಡೆಯ ಮೇಲಿನ ಮರದ ದಿಮ್ಮಿ ಕೊಳೆಯುತ್ತದೆ. ಮಳೆಗಾಲ ಮುಗಿದೊಡನೆ ಹುಲ್ಲು ಕೀಳದಿದ್ದರೆ ಭೂಕಂಪ ಬರುವ ಮುನ್ನವೇ ಅರ್ಧ ಕೆಲಸ ಆಗಿಬಿಟ್ಟಿರುತ್ತದೆ. 2015ರ ಏಪ್ರಿಲ್ 25ರಂದು ದರ್ಬಾರ್ ಚೌಕದ ವತ್ಸಲಾ ದುರ್ಗೆಯ ಕಲ್ಲಿನ ಶಿಖರ ಗುಡಿ ಪೂರ್ತಿ ಕುಸಿಯಿತು, ಕೂಗಳತೆಯಲ್ಲಿರುವ ನ್ಯಾತಪೋಲ ನಿಂತಿತು. ವತ್ಸಲೆಯನ್ನು ಈಗ ಮತ್ತೆ ಕಟ್ಟಿದ್ದಾರೆ. ಎರಡರ ಅಡ್ಡಕೊಯ್ತವನ್ನೂ ಒಂದೇ ಹಾಳೆಯಲ್ಲಿ ಬರೆಸುವುದು ಒಳ್ಳೆಯ ಅಭ್ಯಾಸ.

ಇಳಿಜಾರು ಸೂರು ಕಂಡಾಗ ಕರಾವಳಿಯ ಹುಡುಗರಿಗೆ ಮೂಡಬಿದಿರೆ ನೆನಪಾಗುತ್ತದೆ. ಹೋಲಿಕೆಗೆ ಕಾರಣ ಮಳೆ, ರಚನೆ ಬೇರೆ. ಸಾವಿರ ಕಂಬದ ಬಸದಿಯಲ್ಲಿ ಸೂರಿನ ಭಾರ ಹೊರುವುದು ಸಾಲುಗಂಬ, ಇಲ್ಲಿ ಗೋಡೆಯಿಂದ ಚಾಚಿದ ಆನಿಕೆ. ಕರ್ನಾಟಕದ ನಂಟು ಇರುವುದು ಬೇರೆ ಕಡೆ. 1097ರಲ್ಲಿ ತಿರಹುತದಲ್ಲಿ (ಇಂದಿನ ಉತ್ತರ ಬಿಹಾರ ಮತ್ತು ನೇಪಾಳದ ತರಾಯಿ) ರಾಜ್ಯ ಕಟ್ಟಿದ ನಾನ್ಯದೇವ ಕರ್ಣಾಟ ವಂಶದವನು. ಅವರ ರಾಜಧಾನಿ ಸಿಮ್ರೌನ್‌ಗಢ ತುಘಲಕರ ಕೈಗೆ ಬಿದ್ದ ಮೇಲೆ ಮನೆತನದವರು ಆಶ್ರಯ ಪಡೆದದ್ದು ಇದೇ ಭಕ್ತಪುರದಲ್ಲಿ. ಅರಮನೆಯ ತಲೇಜು ದೇವಿ ಅವರ ಜೊತೆ ಬಂದಳೆಂಬ ನಂಬಿಕೆಯಿದೆ. ಇದನ್ನೇ ಹಿಡಿದು ಈ ಗುಡಿಗಳೆಲ್ಲ ನಮ್ಮವು ಎಂದು ವರದಿ ಬರೆದರೆ ಅಂಕ ಕಡಿತ.

ಸಂಜೆ ಐದು ದಾಟಿದರೆ ಬೆಳಕಿಲ್ಲ. ಕುಂಬಾರರ ಚೌಕದಲ್ಲಿ ಕಟ್ಟೆಯ ಮೇಲೆ ಕೂತು ನಕ್ಷೆ ತಿದ್ದಿ, ಮಣ್ಣಿನ ಕುಡಿಕೆಯಲ್ಲಿ ಹೆಪ್ಪುಗಟ್ಟಿದ ಜುಜು ಧೌ ಎಂಬ ಸಿಹಿ ಮೊಸರು ತಿನ್ನುವುದಕ್ಕೆ ಅಷ್ಟೇ ಹೊತ್ತು.

ನಾಳೆ ಚಾಂಗು ನಾರಾಯಣ ಗುಡಿ, ಅಲ್ಲಿಯ ರಾಜ ಮಾನದೇವನ ಕ್ರಿ.ಶ. 464ರ ಕಂಬದ ಶಾಸನ. ಓರೆ ಬಿಸಿಲಿನಲ್ಲೇ ಅಕ್ಷರ ಎದ್ದು ಕಾಣುವುದರಿಂದ ಬೆಳಿಗ್ಗೆಯೇ ಹೊರಡುವುದು. ಶನಿವಾರ ನೇಪಾಳಕ್ಕೆ ವಾರದ ರಜೆ, ಪಶುಪತಿನಾಥದಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಅದು ಭಾನುವಾರಕ್ಕೆ.