ಅಡಿಕೆ ಮುಗಿದ ಮೇಲೆ ಔಲಿಗೆ: ಸೀಸನ್ ಕೊನೆಯ ಸ್ಕೀಯಿಂಗ್

ಅಡಿಕೆ ಕೊಯ್ದು, ಸುಲಿದು, ಬೇಯಿಸಿ, ಒಣಗಿಸಿ ಅಂಗಳ ಖಾಲಿಯಾಗುವ ಹೊತ್ತಿಗೆ ಹಿಮಾಲಯದಲ್ಲಿ ಸ್ಕೀಯಿಂಗ್ ಸೀಸನ್ ಮುಗಿಯುತ್ತಾ ಬಂದಿರುತ್ತದೆ. ತೀರ್ಥಹಳ್ಳಿ, ಸಾಗರದ ಕಡೆಯ ತೋಟದವರು ಜನವರಿಯಲ್ಲಿ ಮನೆ ಬಿಡಲಾಗದೆ, ಹಿಮ ನೋಡುವ ಆಸೆಯನ್ನು ವರ್ಷದಿಂದ ವರ್ಷಕ್ಕೆ ಮುಂದೂಡುವುದು ಇದಕ್ಕೇ. ನನ್ನ ಕೇಳಿದರೆ ಮಾರ್ಚ್ ಆರಂಭವೇ ನಮ್ಮವರಿಗೆ ಸರಿಯಾದ ಕಾಲ. ಚಳಿ ತಡೆಯುವಷ್ಟಿರುತ್ತದೆ, ಇಳಿಜಾರಿನಲ್ಲಿ ನೂಕುನುಗ್ಗಲು ಇರುವುದಿಲ್ಲ, ಕೋಣೆಯ ಬಾಡಿಗೆಯಲ್ಲಿ ಚೌಕಾಸಿಗೂ ಅವಕಾಶವಿದೆ. ಆದರೆ ಯಾವಾಗ ಆಡಬೇಕು, ಯಾವಾಗ ನಿಲ್ಲಿಸಬೇಕು ಎಂಬುದನ್ನು ಹಿಮವೇ ತೀರ್ಮಾನಿಸುತ್ತದೆ. ಅದಕ್ಕೆ ಒಪ್ಪುವುದಾದರೆ ಮಾತ್ರ ಹೊರಡಿ.

ಗುಲ್ಮಾರ್ಗ್, ಮನಾಲಿಯ ಹೆಸರು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಉತ್ತರಾಖಂಡದ ಔಲಿ ಅಷ್ಟಾಗಿ ಯಾರ ಬಾಯಲ್ಲೂ ಇಲ್ಲ. 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟದ ಸ್ಕೀ ಸ್ಪರ್ಧೆಗಳು ನಡೆದದ್ದು ಇಲ್ಲಿ. ಇಳಿಜಾರುಗಳು ಸುಮಾರು 2,500ರಿಂದ 3,000 ಮೀಟರ್ ಎತ್ತರದಲ್ಲಿವೆ. ಕೆಳಗಿನ ಜೋಶಿಮಠ ಪೇಟೆಯೇ ಹೆಚ್ಚುಕಡಿಮೆ ನಮ್ಮ ಕುದುರೆಮುಖದ ನೆತ್ತಿಯಷ್ಟು, ಅಂದರೆ 1,890 ಮೀಟರ್ ಆಸುಪಾಸಿನ ಎತ್ತರದಲ್ಲಿದೆ. ಹಾಗಾಗಿ ಮೊದಲ ರಾತ್ರಿ ಜೋಶಿಮಠದಲ್ಲೇ ತಂಗಿ. ಮೈ ಹೊಂದಿಕೊಳ್ಳುವ ಮೊದಲೇ ಮೇಲೆ ಓಡಿದವರು ತಲೆನೋವು ಹಿಡಿದು ಕೋಣೆಯಲ್ಲಿ ಮಲಗುತ್ತಾರೆ. ಶಂಕರರ ನಾಲ್ಕು ಪೀಠಗಳಲ್ಲಿ ಉತ್ತರದ್ದು ಇದೇ ಊರಿನ ಜ್ಯೋತಿರ್ಮಠ. ಶೃಂಗೇರಿಗೆ ನಡೆದುಕೊಳ್ಳುವ ಮನೆಯ ಹಿರಿಯರು ಜೊತೆಗಿದ್ದರೆ ಅವರಿಗೆ ಆ ಸಂಜೆ ಸಾರ್ಥಕವಾಗುತ್ತದೆ. ಬದರಿಯ ಆಸೆಯನ್ನು ಮಾತ್ರ ಹುಟ್ಟಿಸಬೇಡಿ, ಮಾರ್ಚ್‌ನಲ್ಲಿ ಆ ದೇವಸ್ಥಾನದ ಬಾಗಿಲು ಮುಚ್ಚಿರುತ್ತದೆ.

ಶಿವಮೊಗ್ಗದಿಂದ ಬೆಂಗಳೂರು, ಅಲ್ಲಿಂದ ದೆಹಲಿ ಅಥವಾ ಡೆಹ್ರಾಡೂನ್, ಆಮೇಲೆ ಋಷಿಕೇಶ: ಇಲ್ಲಿಯವರೆಗೆ ಹೇಳುವಂಥದ್ದೇನೂ ಇಲ್ಲ. ಋಷಿಕೇಶದಿಂದ ಜೋಶಿಮಠಕ್ಕೆ ಸುಮಾರು 250 ಕಿಲೋಮೀಟರ್, ಇಡೀ ಹಗಲಿನ ದಾರಿ. ಆಗುಂಬೆ ಘಾಟಿಯ 14 ತಿರುವುಗಳಲ್ಲೇ ಹೊಟ್ಟೆ ತೊಳಸುವವರು ಮಾತ್ರೆ ಇಟ್ಟುಕೊಳ್ಳಲೇಬೇಕು. ಬಸ್ಸುಗಳು ನಸುಕಿನಲ್ಲೇ ಹೊರಡುತ್ತವೆ, ಆದ್ದರಿಂದ ಹಿಂದಿನ ರಾತ್ರಿ ಋಷಿಕೇಶದಲ್ಲಿ ಉಳಿಯುವುದು ಅನಿವಾರ್ಯ. ದೇವಪ್ರಯಾಗದಲ್ಲಿ ಎಚ್ಚರವಾಗಿರಿ. ಭಾಗೀರಥಿ, ಅಲಕನಂದಾ ಸೇರುವುದನ್ನು, ತುಂಗೆ ಭದ್ರೆ ಸೇರುವ ನಮ್ಮ ಕೂಡಲಿಯನ್ನು ನೋಡಿದ ಕಣ್ಣು ತಪ್ಪಿಸಿಕೊಳ್ಳಬಾರದು.

ಜೋಶಿಮಠದಿಂದ ಔಲಿಗೆ ರೋಪ್‌ವೇ ಇದೆಯೆಂದು ಹಳೆಯ ಬರಹಗಳಲ್ಲಿ ಓದಿರುತ್ತೀರಿ. 2023ರ ಜನವರಿಯಲ್ಲಿ ಊರಿನ ನೆಲ ಕುಸಿದು ಮನೆಗಳು ಬಿರುಕು ಬಿಟ್ಟಾಗ ಅದನ್ನು ನಿಲ್ಲಿಸಲಾಯಿತು. ಅದನ್ನು ನಂಬಿ ಯೋಜನೆ ಹಾಕದೆ ಜೀಪಿನ ಬಾಡಿಗೆಯನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಇನ್ನು ಹಿಮದ ವಿಷಯ. ಮಾರ್ಚ್‌ನಲ್ಲಿ ಅದು ಹಗಲು ಕರಗಿ ರಾತ್ರಿ ಹೆಪ್ಪುಗಟ್ಟುತ್ತದೆ. ಇದೇ ದಿನವೂ ನಡೆದು ಜನವರಿಯ ಪುಡಿಹಿಮ ದಪ್ಪ ಸಕ್ಕರೆಯಂತೆ ಹರಳುಗಟ್ಟುತ್ತದೆ. ಬೆಳಿಗ್ಗೆ ಬೇಗ ಹೋದರೆ ಮೇಲ್ಮೈ ಬರೀ ಮಂಜುಗಡ್ಡೆ, ಸ್ಕೀಯ ಅಂಚು ಹಿಡಿಯುವುದಿಲ್ಲ, ಬಿದ್ದರೆ ಸೊಂಟ ಉಳಿಯುವುದಿಲ್ಲ. ಬಿಸಿಲು ಏರಿ ಮೇಲಿನ ಒಂದೆರಡು ಅಂಗುಲ ಸಡಿಲವಾದಾಗ, ಸಾಮಾನ್ಯವಾಗಿ ಹತ್ತರಿಂದ ಮಧ್ಯಾಹ್ನದವರೆಗೆ, ಕಲಿಯುವವರಿಗೆ ಅದಕ್ಕಿಂತ ಸುಖ ಬೇರಿಲ್ಲ. ತಿರುಗಿಸಿದತ್ತ ಸ್ಕೀ ತಿರುಗುತ್ತದೆ, ಬಿದ್ದರೂ ನೋವಾಗುವುದಿಲ್ಲ. ಊಟದ ನಂತರ ಅದೇ ಹಿಮ ನೀರು ಕುಡಿದು ಭಾರವಾಗಿ ಸ್ಕೀಯನ್ನು ಹಿಡಿದು ನಿಲ್ಲಿಸುತ್ತದೆ. ಸ್ಕೀ ನಿಂತು ದೇಹ ಮುಂದೆ ಹೋದಾಗ ಪೆಟ್ಟು ಬೀಳುವುದು ಮಂಡಿಗೆ. ದುಡ್ಡು ಕೊಟ್ಟಿದ್ದೇವೆಂದು ಸಂಜೆಯವರೆಗೆ ಎಳೆಯಬೇಡಿ.

ನಾಳೆಯ ಹಿಮ ಹೇಗಿರುತ್ತದೆ ಎಂದು ತಿಳಿಯಲು ರಾತ್ರಿ ಆಕಾಶ ನೋಡಿದರಾಯಿತು. ಮೋಡವಿಲ್ಲದ ರಾತ್ರಿ ಇಬ್ಬನಿ ಹೆಚ್ಚು ಎಂದು ತೋಟದವರಿಗೆ ಹೇಳಿಕೊಡಬೇಕಿಲ್ಲ. ಅಲ್ಲಿಯೂ ಅದೇ ಲೆಕ್ಕ: ನಕ್ಷತ್ರ ಕಂಡರೆ ನೆಲದ ಶಾಖವೆಲ್ಲ ಮೇಲೆ ಹೋಗಿ ಹಿಮ ಗಟ್ಟಿಯಾಗುತ್ತದೆ. ಮೋಡ ಮುಸುಕಿದ್ದರೆ ಹೆಪ್ಪುಗಟ್ಟದೆ ಬೆಳಿಗ್ಗೆಯೇ ಕೆಸರಾಗಿರುತ್ತದೆ. ಅಂಥ ದಿನ ಸ್ಕೀ ಬಾಡಿಗೆಗೆ ತೆಗೆದುಕೊಳ್ಳಲೇಬೇಡಿ.

ಬಾಡಿಗೆ ಅಂಗಡಿಯಲ್ಲಿ ತೂಕ ಕೇಳುತ್ತಾರೆ. ಬಿದ್ದಾಗ ಬೂಟು ಸ್ಕೀಯಿಂದ ಕಳಚಿಕೊಳ್ಳುವಂತೆ ಬಿಗಿಯುವುದು ಆ ಲೆಕ್ಕದ ಮೇಲೆ. ನಾವು ಹೋದಾಗ ನನ್ನ ಭಾವ ಹೇಳಿದ್ದು ಮದುವೆಯ ಕಾಲದ ತೂಕ. ಅಕ್ಕ ಅಲ್ಲೇ ತಿದ್ದಿದಳು. ಬೂಟಿನಲ್ಲಿ ಹಿಮ್ಮಡಿ ಮೇಲೇಳದಂತಿರಬೇಕು, ಬೆರಳು ಆಡುತ್ತಿರಬೇಕು. ಹರಕುಮುರುಕು ಬೂಟು ಮುಂದಿಟ್ಟು ಅವಸರಿಸಿದರೆ ಪಕ್ಕದ ಅಂಗಡಿಗೆ ನಡೆಯಿರಿ, ಆ ಕಾಲದಲ್ಲಿ ಗಿರಾಕಿಗಳೇ ಕಡಿಮೆ. ಕ್ರಮವಾಗಿ ಕಲಿಯಬೇಕೆಂದರೆ ಉತ್ತರಾಖಂಡ ಸರ್ಕಾರದ ಗಢವಾಲ ಮಂಡಲ ವಿಕಾಸ ನಿಗಮದ 7 ಮತ್ತು 14 ದಿನಗಳ ತರಬೇತಿ ಇದೆ. ಮಾರ್ಚ್‌ನ ತಂಡ ಹಿಮ ಉಳಿದರೆ ಮಾತ್ರ ನಡೆಯುತ್ತದೆ, ಟಿಕೆಟ್ ತೆಗೆಯುವ ಮೊದಲೇ ಕೇಳಿಕೊಳ್ಳಿ.

ಬಟ್ಟೆಗೆ ದುಡ್ಡು ಸುರಿಯಬೇಡಿ. ನಮ್ಮ ಮಳೆಗಾಲದ ದಪ್ಪ ರೈನ್‌ಕೋಟು, ಪ್ಯಾಂಟು ಆ ಒದ್ದೆ ಹಿಮಕ್ಕೆ ಚೆನ್ನಾಗಿ ಒಗ್ಗುತ್ತವೆ. ಒಳಗೆ ಉಣ್ಣೆ ಇರಲಿ. ಜೀನ್ಸ್ ಹಾಕಿದವರು ಅರ್ಧ ಗಂಟೆಯಲ್ಲಿ ನಡುಗುತ್ತಾರೆ. ಕರಗುವ ದಾರಿಯಲ್ಲಿ ಓಡಾಡಲು ತೋಟದ ಗಂಬೂಟಿಗೆ ಉಣ್ಣೆಯ ಕಾಲುಚೀಲ ಸೇರಿಸಿದರೆ ಸಾಕು, ಇಂಬಳದ ಭಯವೂ ಇಲ್ಲ. ಕಂಜೂಸಿ ಮಾಡಬಾರದ್ದು ಕಪ್ಪು ಕನ್ನಡಕ, ಸನ್‌ಸ್ಕ್ರೀನ್‌ಗಳ ವಿಷಯದಲ್ಲಿ. ಹಿಮ ಬಿಸಿಲನ್ನು ಕೆಳಗಿನಿಂದಲೂ ಮುಖಕ್ಕೆ ಎಸೆಯುತ್ತದೆ. ಮೂಗಿನ ಹೊಳ್ಳೆಯ ಅಡಿಗೂ ಹಚ್ಚಿ.

ಹಿಮ ಕೈಕೊಟ್ಟರೆ ಓಕ್ ಕಾಡಿನ ಮೂಲಕ ಗೋರ್ಸೋ ಬುಗಿಯಾಲ್‌ಗೆ ನಡೆಯಿರಿ. 7,816 ಮೀಟರಿನ ನಂದಾದೇವಿ ಎದುರಿಗೇ ಕಾಣುವ ಹುಲ್ಲುಗಾವಲು ಅದು, ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ವಾಪಸಾಗಬಹುದು. ಮರಳುವಾಗ ಜೋಶಿಮಠದಿಂದ ಇಳಿದ ದಿನವೇ ವಿಮಾನ ಇಟ್ಟುಕೊಳ್ಳಬೇಡಿ. ಹೆದ್ದಾರಿಗೆ ಗುಡ್ಡ ಜರಿದರೆ ಅರ್ಧ ದಿನ ಅಲ್ಲೇ ಕೂರಬೇಕಾಗುತ್ತದೆ, ಋಷಿಕೇಶದಲ್ಲಿ ಒಂದು ರಾತ್ರಿ ಹೆಚ್ಚಿಗೆ ಹಿಡಿದುಕೊಳ್ಳಿ.