ಈ ಕ್ಯಾಶ್ ದುಡ್ಡಲ್ಲ

ಫೋನ್ ನಿಧಾನ ಆದ್ರೆ ಎಲ್ಲರೂ ಹೇಳೋದು, 'ಕ್ಯಾಶ್ ಕ್ಲಿಯರ್ ಮಾಡಿ'. ಬರೆಯುವಾಗ ಮಾತ್ರ ಒಬ್ಬರು ಕ್ಯಾಚ್, ಇನ್ನೊಬ್ಬರು ಕ್ಯಾಚೆ. ಪದ ಫ್ರೆಂಚ್ ಮೂಲದ್ದು, ಕೊನೆಗೆ ಸಿ-ಎಚ್-ಇ ಇದ್ದರೂ ಉಚ್ಚಾರ ಕ್ಯಾಶ್. ದುಡ್ಡಿನ ಕ್ಯಾಶ್ ಥರವೇ.

ಕಷ್ಟ ಇರೋದೂ ಅಲ್ಲೇ. ಮೊನ್ನೆ ಶಿರಸಿಯ ಮೊಬೈಲ್ ಅಂಗಡಿಯಲ್ಲಿ ಹುಡುಗ 'ಕ್ಯಾಶ್ ತೆಗೀಲಾ?' ಅಂದ. ಅಡಿಕೆ ಮಾರಿ ಬಂದಿದ್ದ ಅಜ್ಜ ಗಾಬರಿಯಾಗಿ ಫೋನ್ ವಾಪಸ್ ಕೇಳಿದರು. ಅವರ ಲೆಕ್ಕವೆಲ್ಲ ಅದರಲ್ಲೇ ಅಲ್ವಾ! ಹುಡುಗ ತಾಳ್ಮೆಯಿಂದ ಹೇಳಿದ, 'ದುಡ್ಡಲ್ಲ ಅಜ್ಜಾ, ಆ್ಯಪ್ ಬೇಗ ತೆರೀಲಿ ಅಂತ ಎತ್ತಿಟ್ಟ ಚಿತ್ರಗಿತ್ರ. ಬೇಕಾದ್ರೆ ಅದೇ ಮತ್ತೆ ತಂದ್ಕೊಳ್ತದೆ.' ಎಷ್ಟು ಚೆಂದದ ವಿವರಣೆ!

ನಾನಂತೂ 'ಕ್ಯಾಶ್ ಫೈಲ್' ಅಂತಲೇ ಬರೆಯುತ್ತೇನೆ. ಯಾರೂ ಹೆದರಬಾರದು. ಫೋನಲ್ಲಿ 'ಕ್ಲಿಯರ್ ಕ್ಯಾಶ್' ಬಟನ್ ಪಕ್ಕದ 'ಕ್ಲಿಯರ್ ಸ್ಟೋರೇಜ್' ಮಾತ್ರ ಸುಮ್ನೆ ಒತ್ತಬೇಡಿ, ಲಾಗಿನ್ ಕೂಡ ಹೋಗುತ್ತದೆ.